ಮಳೆ ಇಳಿಯುವ ದಾರಿಯಲ್ಲಿ ಕೀಟಲೋಕ

ವಿಜ್ಞಾನ ಈವರೆಗೆ ಹೆಸರಿಟ್ಟು ಗುರುತಿಸಿರುವ ಕೀಟಪ್ರಭೇದಗಳು ಸುಮಾರು 10 ಲಕ್ಷ. ಆರು ಕಾಲು, ಮೂರು ಭಾಗಗಳ ಮೈ, ಎಲುಬಿನ ಬದಲು ಹೊರಗವಚ: ಮೂಲವಿನ್ಯಾಸ ಎಲ್ಲಕ್ಕೂ ಒಂದೇ. ಈ ಒಂದು ವಿನ್ಯಾಸವೇ ಆಯಾ ನೆಲದ ನೀರು, ಬಿಸಿಲು, ಗಿಡಮರ, ಶತ್ರು, ಮಿತ್ರರಿಗೆ ತಕ್ಕಂತೆ ಲಕ್ಷಾಂತರ ಬಗೆಯಲ್ಲಿ ಹೊಂದಿಕೊಂಡಿದೆ. ಕೀಟದ ಹೊಂದಾಣಿಕೆಯನ್ನು ಅದರ ನೆಲದಿಂದ ಬಿಡಿಸಿ ನೋಡಿದರೆ ಅದು ಬರಿಯ ಸೋಜಿಗ. ನೆಲದ ಜೊತೆಗಿಟ್ಟು ನೋಡಿದರೆ ಅದಕ್ಕೊಂದು ಕಾರಣ ಕಾಣುತ್ತದೆ. ಹಾಗೆ ನೋಡಲು ಕರ್ನಾಟಕದಲ್ಲಿ ಒಂದು ಒಳ್ಳೆಯ ದಾರಿಯಿದೆ.

ಉಡುಪಿ ಜಿಲ್ಲೆಯ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿ, ತೀರ್ಥಹಳ್ಳಿ, ಶಿವಮೊಗ್ಗಗಳನ್ನು ಹಾದು, ತರೀಕೆರೆ, ಬೀರೂರು, ಕಡೂರು, ಅರಸೀಕೆರೆ, ತಿಪಟೂರು, ತುಮಕೂರುಗಳ ಮೂಲಕ ಬೆಂಗಳೂರು ಸೇರುವ ದಾರಿ ಅದು. ಒಂದು ಹಗಲಿನ ಬಸ್ ಪ್ರಯಾಣದಲ್ಲಿ ಮುಗಿಯುವ ಈ ದಾರಿಯಲ್ಲಿ ಘಟ್ಟದ ತಲೆಯಿಂದ ಬಯಲಿನತ್ತ ಮಳೆ ಇಳಿಯುತ್ತ ಹೋಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ, ಘಟ್ಟದ ಮರೆಗೆ ಬಿದ್ದ ಕಡೂರು-ಅರಸೀಕೆರೆ ಸೀಮೆಯಲ್ಲಿ 700ರ ಆಸುಪಾಸಿಗೆ ಬರುತ್ತದೆ. ಮಳೆ ಇಳಿದಂತೆ ಮರದ ಎತ್ತರ ಇಳಿಯುತ್ತದೆ, ಮಣ್ಣಿನ ಬಣ್ಣ ಬದಲಾಗುತ್ತದೆ, ಕೀಟದ ಉಪಾಯವೂ ಬೇರೆಯಾಗುತ್ತದೆ. ಮುಂಗಾರಿಗೆ ಮುಂಚಿನ ಮೇ ತಿಂಗಳು ಈ ಪ್ರವಾಸಕ್ಕೆ ತಕ್ಕ ಕಾಲ.

ಸೋಮೇಶ್ವರದ ಬುಡದಲ್ಲಿ, ಮಾವು, ಹಲಸು, ಗೇರುಮರಗಳ ಕೊಂಬೆಯಲ್ಲಿ ಹಸಿರೆಲೆಗಳನ್ನೇ ಸೇರಿಸಿ ಕಟ್ಟಿದ ಗೂಡುಗಳು ಕಾಣುತ್ತವೆ. ಅವು ಚಗಳಿ ಇರುವೆಯವು. ಮಳೆಗಾಲದಲ್ಲಿ ನೆಲವೆಲ್ಲ ನೀರಾಗುವ ಸೀಮೆಯಲ್ಲಿ ಈ ಇರುವೆ ನೆಲವನ್ನೇ ಬಿಟ್ಟು ಮರದ ಮೇಲೆ ಸಂಸಾರ ಹೂಡಿದೆ. ಗೂಡು ಕಟ್ಟುವಾಗ ಕೆಲಸಗಾರ ಇರುವೆಗಳು ಎಲೆಯ ಅಂಚಿಗೆ ಸಾಲಾಗಿ ನಿಂತು ಪಕ್ಕದ ಎಲೆಯನ್ನು ಎಳೆಯುತ್ತವೆ. ಎಲೆ ದೂರವಿದ್ದರೆ ಒಂದು ಇನ್ನೊಂದರ ಸೊಂಟ ಹಿಡಿದು ಸರಪಳಿಯಾಗುತ್ತವೆ. ಹಲವು ಸರಪಳಿಗಳು ಒಟ್ಟಿಗೆ ಜಗ್ಗಿ ಎಲೆಗಳನ್ನು ಹತ್ತಿರ ತರುತ್ತವೆ. ಹೊಲಿಯಲು ಬೇಕಾದ ರೇಷ್ಮೆ ಬೆಳೆದ ಇರುವೆಯ ಮೈಯಲ್ಲಿಲ್ಲ, ಅದಿರುವುದು ಮರಿಹುಳುವಿನಲ್ಲಿ. ಆದ್ದರಿಂದ ಇನ್ನೊಂದು ತಂಡ ಗೂಡಿನಿಂದ ಮರಿಹುಳುಗಳನ್ನು ಬಾಯಲ್ಲಿ ಹಿಡಿದು ತಂದು, ನೇಕಾರನ ಲಾಳಿಯಂತೆ ಒಂದೆಲೆಯಿಂದ ಇನ್ನೊಂದೆಲೆಗೆ ಆಡಿಸುತ್ತದೆ. ಮರಿಹುಳು ಎಳೆ ಬಿಡುತ್ತ ಹೋಗುತ್ತದೆ. ತನ್ನ ಕೋಶ ನೇಯಲು ಬಳಸಬೇಕಾದ ರೇಷ್ಮೆಯನ್ನು ಅದು ಹೀಗೆ ಮನೆಗೆ ಕೊಟ್ಟುಬಿಡುವುದರಿಂದ ಮುಂದೆ ಕೋಶವಿಲ್ಲದೆಯೇ ರೂಪಾಂತರ ಹೊಂದುತ್ತದೆ.

ಚಗಳಿಯ ಕಡಿತ ತೀಕ್ಷ್ಣ; ಕಚ್ಚಿದ ಗಾಯಕ್ಕೆ ಫಾರ್ಮಿಕ್ ಆಮ್ಲ ಚಿಮ್ಮಿಸುವುದು ಅದರ ಪದ್ಧತಿ. ಆ ಆಮ್ಲದ ಹುಳಿಯನ್ನೇ ರುಚಿಯಾಗಿಸಿಕೊಂಡು ಮಲೆನಾಡಿನಲ್ಲಿ ಚಗಳಿ ಚಟ್ನಿ ಅರೆಯುತ್ತಾರೆ. ಹಕ್ಕಿ, ಕಣಜಗಳು ದೂರವಿಡುವ ಈ ಇರುವೆಯ ಹೆಸರಿನಲ್ಲಿ ಬದುಕುವ ಜೀವಿಗಳೂ ಇವೆ. ಒಂದು ಜಾತಿಯ ಜಿಗಿಯುವ ಜೇಡ ಬಣ್ಣದಲ್ಲಿ, ನಡಿಗೆಯಲ್ಲಿ ಚಗಳಿಯನ್ನೇ ಹೋಲುತ್ತದೆ; ಎಂಟು ಕಾಲುಗಳಲ್ಲಿ ಮುಂದಿನ ಎರಡನ್ನು ಎತ್ತಿ ಮೀಸೆಯೆಂಬಂತೆ ಆಡಿಸುತ್ತ ಆರು ಕಾಲಿನ ಪ್ರಾಣಿಯಾಗಿ ತೋರುತ್ತದೆ. ಮಾತ್ ಬಟರ್‌ಫ್ಲೈ ಎಂಬ ಚಿಟ್ಟೆ ಇನ್ನೂ ಮುಂದೆ ಹೋಗಿದೆ. ಅದರ ಹುಳು ಚಗಳಿಯ ಗೂಡಿನೊಳಗೇ ಬೆಳೆದು, ಇರುವೆಯ ಮರಿಹುಳುಗಳನ್ನೇ ತಿನ್ನುತ್ತದೆ. ಇರುವೆಯ ಹಲ್ಲು ನಾಟದ ಗಡಸು ಚಿಪ್ಪು ಹುಳುವಿಗೆ ರಕ್ಷೆ. ಚಿಟ್ಟೆಯಾಗಿ ಹೊರಬರುವ ಮೆತ್ತಗಿನ ಗಳಿಗೆಯಲ್ಲಿ ಮೈಮೇಲಿನ ಸಡಿಲ ಹುರುಪೆಗಳು ಉದುರಿ ಇರುವೆಗಳ ಬಾಯಿಗೆ, ಕಾಲಿಗೆ ಅಂಟಿಕೊಳ್ಳುತ್ತವೆ; ಅವು ಒರೆಸಿಕೊಳ್ಳುವಷ್ಟರಲ್ಲಿ ಚಿಟ್ಟೆ ಹೊರಬಿದ್ದಿರುತ್ತದೆ.

ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ತಿರುವುಗಳ ಏರು. ಎರಡೂ ಬದಿಯ ನಿತ್ಯಹರಿದ್ವರ್ಣ ಕಾಡಿನಲ್ಲಿ ಬೆಳಕು ನೆಲ ಮುಟ್ಟುವುದು ಕಡಿಮೆ. ನೆಲದ ತುಂಬ ಕೊಳೆಯುತ್ತಿರುವ ತರಗೆಲೆ. ಇಲ್ಲಿ ಅಡಗಿಕೊಳ್ಳುವ ಕೀಟಕ್ಕೆ ಎಲೆಯಾಗುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಸಹ್ಯಾದ್ರಿ ಬ್ಲೂ ಓಕ್‌ಲೀಫ್ ಎಂಬ ಚಿಟ್ಟೆ ರೆಕ್ಕೆ ಬಿಚ್ಚಿದಾಗ ನೀಲಿ. ಮುಚ್ಚಿ ಕೂತರೆ ಒಣಗಿದ ಎಲೆ. ರೆಕ್ಕೆಯ ಕೆಳಮೈಯಲ್ಲಿ ಎಲೆಯ ನಡುನರವಿದೆ, ಅದರಿಂದ ಹೊರಡುವ ಕವಲುನರಗಳಿವೆ, ಹಿಂರೆಕ್ಕೆಯ ಚಾಚು ತೊಟ್ಟಾಗಿದೆ, ಬೂಷ್ಟು ಹಿಡಿದ ಕಲೆಗಳೂ ಇವೆ. ಒಂದೇ ಜಾತಿಯ ಎರಡು ಚಿಟ್ಟೆಗಳ ಕಂದು ಬಣ್ಣ ಒಂದೇ ಬಗೆಯಲ್ಲಿರುವುದಿಲ್ಲ. ಹೀಗಾಗಿ ಒಂದನ್ನು ಕಂಡುಹಿಡಿದ ಹಕ್ಕಿಗೆ ಮತ್ತೊಂದನ್ನು ಗುರುತಿಸಲು ಆ ಅನುಭವ ನೆರವಾಗದು. ಇದೇ ಕುಲದ ಆಗ್ನೇಯ ಏಷ್ಯಾದ ಚಿಟ್ಟೆಯನ್ನು ಆಲ್‌ಫ್ರೆಡ್ ರಸೆಲ್ ವಾಲೆಸ್ 1869ರಲ್ಲಿ ಪ್ರಕಟವಾದ ತನ್ನ ಮಲಯ ದ್ವೀಪಸಮೂಹದ ಪ್ರವಾಸಗ್ರಂಥದಲ್ಲಿ ವಿವರವಾಗಿ ಬಣ್ಣಿಸಿದ. ನೈಸರ್ಗಿಕ ಆಯ್ಕೆಯ ಚರ್ಚೆಯಲ್ಲಿ ಅದು ದೊಡ್ಡ ಸಾಕ್ಷಿಯಾಯಿತು.

ಎಲೆಯ ಬಣ್ಣ ವರ್ಷವಿಡೀ ಒಂದೇ ಇರುವುದಿಲ್ಲವಲ್ಲ. ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡ ಚಿಟ್ಟೆಯೆಂದರೆ ಕಾಮನ್ ಈವ್ನಿಂಗ್ ಬ್ರೌನ್. ಸಂಜೆಯ ಮಬ್ಬಿನಲ್ಲಿ ಹಾರುವ ಇದು ಕಾಡಿನಂಚಿನಲ್ಲೂ ಗದ್ದೆಯ ಬದಿಯಲ್ಲೂ ಸಾಮಾನ್ಯ. ಮಳೆಗಾಲದಲ್ಲಿ ಹುಟ್ಟಿದ ಪೀಳಿಗೆಯ ರೆಕ್ಕೆಯ ಅಂಚಿನಲ್ಲಿ ಎದ್ದು ಕಾಣುವ ಕಣ್ಣಿನ ಗುರುತುಗಳಿರುತ್ತವೆ; ಬೇಸಿಗೆಯ ಪೀಳಿಗೆಯಲ್ಲಿ ಅವು ಮಾಯವಾಗಿ ಇಡೀ ರೆಕ್ಕೆ ತರಗೆಲೆಯ ಬಣ್ಣಕ್ಕೆ ತಿರುಗುತ್ತದೆ. ಹಸಿರು ಹುಲ್ಲಿನಲ್ಲಿ ಕಂದು ಚಿಟ್ಟೆ ಹೇಗೂ ಅಡಗಲಾರದು. ಆಗ ಕಣ್ಣುಗುರುತು ಓತಿಯ ಬಾಯನ್ನೋ ಹಕ್ಕಿಯ ಕೊಕ್ಕನ್ನೋ ತಲೆಯಿಂದ ದೂರ, ರೆಕ್ಕೆಯ ಅಂಚಿಗೆ ಸೆಳೆಯುತ್ತದೆ. ಅಂಚು ಹರಿದರೂ ಜೀವ ಉಳಿಯುತ್ತದೆ. ಒಣಹುಲ್ಲಿನ ಕಾಲದಲ್ಲಿ ಅಡಗುವುದೇ ಲಾಭ. ಎರಡಕ್ಕೂ ಬೇಕಾದ ವಂಶವಾಹಿಗಳು ಒಂದೇ; ಮರಿಹುಳುವಾಗಿದ್ದಾಗಿನ ಹವೆ ಯಾವ ರೂಪ ಬರಬೇಕೆಂದು ನಿರ್ಧರಿಸುತ್ತದೆ.

ಘಾಟಿಯ ತಲೆಯಲ್ಲಿ ಆಗುಂಬೆ. ಅಡಗುವ ಕೀಟಗಳ ಕಾಡಿನಲ್ಲಿ ಅಡಗಲು ಒಲ್ಲದ ಕೀಟಗಳನ್ನೂ ಇಲ್ಲಿ ನೋಡಬಹುದು. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಕಪ್ಪು-ಹಳದಿ ರೆಕ್ಕೆಗಳನ್ನು ಅಗಲಿಸಿ, 190 ಮಿಲಿಮೀಟರಿನವರೆಗೂ ಹರಡಿ, ಮರದ ನೆತ್ತಿಯ ಮೇಲೆ ನಿಧಾನವಾಗಿ ತೇಲುತ್ತದೆ. ಅದೇ ಬಳಗದ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಚಿಟ್ಟೆಗಳ ಮೈ ಕಡುಗೆಂಪು. ಈ ನಿಧಾನಕ್ಕೂ ಬಣ್ಣಕ್ಕೂ ಕಾರಣ ವಿಷ. ಇವುಗಳ ಹುಳುಗಳು ಈಶ್ವರಿ ಬಳ್ಳಿಯ ಬಳಗದ ಗಿಡಗಳನ್ನು ಮಾತ್ರ ತಿನ್ನುತ್ತವೆ. ಆ ಎಲೆಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಬೇರೆ ಪ್ರಾಣಿಗಳಿಗೆ ಆಗದು. ಈ ಹುಳುಗಳು ಅದನ್ನು ಜೀರ್ಣಿಸಿ ಕಳೆಯದೆ ಮೈಯಲ್ಲೇ ಕೂಡಿಟ್ಟುಕೊಳ್ಳುತ್ತವೆ. ಅದು ಚಿಟ್ಟೆಯವರೆಗೂ ಉಳಿದುಬರುತ್ತದೆ. ಒಮ್ಮೆ ಕಚ್ಚಿ ಉಗುಳಿದ ಹಕ್ಕಿ ಆ ಕೆಂಪನ್ನು ಮರೆಯುವುದಿಲ್ಲ. ಅಂಥ ಚಿಟ್ಟೆಗೆ ಓಡುವ ಅಗತ್ಯವಿಲ್ಲ, ಕಾಣಿಸಿಕೊಳ್ಳುವುದೇ ಅದರ ರಕ್ಷಣೆ.

ವಿಷವಿಲ್ಲದೆಯೇ ಆ ಹೆದರಿಕೆಯ ಲಾಭ ಪಡೆಯುವ ಚಿಟ್ಟೆ ಕಾಮನ್ ಮಾರ್ಮನ್. ಮನೆಯ ಹಿತ್ತಿಲಿನ ಕರಿಬೇವು, ನಿಂಬೆ ಗಿಡಗಳಲ್ಲಿ ಬೆಳೆಯುವ ಇದರ ಗಂಡು ಕಪ್ಪು ಮೈಯದು, ಹಿಂರೆಕ್ಕೆಯಲ್ಲಿ ಬಿಳಿ ಚುಕ್ಕೆಗಳ ಪಟ್ಟಿ. ಹೆಣ್ಣಿನಲ್ಲಿ ಮೂರು ರೂಪಗಳು: ಒಂದು ಗಂಡನ್ನೇ ಹೋಲುತ್ತದೆ, ಇನ್ನೊಂದು ಕಾಮನ್ ರೋಸನ್ನು, ಮತ್ತೊಂದು ಕ್ರಿಮ್ಸನ್ ರೋಸನ್ನು. ರೆಕ್ಕೆಯ ಅನುಕರಣೆ ಎಷ್ಟು ಪಕ್ಕಾ ಎಂದರೆ ವ್ಯತ್ಯಾಸಕ್ಕೆ ಮೈಯನ್ನು ನೋಡಬೇಕು. ರೋಸ್‌ಗಳ ಮೈ ಕೆಂಪು, ಮಾರ್ಮನ್ನಿನದು ಕಪ್ಪು. ನಿರ್ವಿಷ ಜೀವಿ ವಿಷಜೀವಿಯ ವೇಷ ತೊಡುವ ಈ ತಂತ್ರವನ್ನು ಹೆನ್ರಿ ವಾಲ್ಟರ್ ಬೇಟ್ಸ್ ಅಮೆಜಾನ್ ಕಾಡಿನ ಚಿಟ್ಟೆಗಳಲ್ಲಿ ಕಂಡು 1862ರಲ್ಲಿ ವಿವರಿಸಿದ. ಮೂರು ವೇಷಗಳನ್ನು ಒಂದೇ ಜಾತಿ ಹೇಗೆ ನಿಭಾಯಿಸುತ್ತದೆ ಎಂಬುದಕ್ಕೆ ಉತ್ತರ 2014ರಲ್ಲಿ ಸಿಕ್ಕಿತು. ಇಂದು ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದಲ್ಲಿರುವ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು ಡಬಲ್‌ಸೆಕ್ಸ್ ಎಂಬ ಒಂದೇ ವಂಶವಾಹಿ ಈ ವೇಷವನ್ನೆಲ್ಲ ನಿಯಂತ್ರಿಸುತ್ತದೆಂದು ತೋರಿಸಿದರು. ಕೀಟಗಳಲ್ಲಿ ಗಂಡು-ಹೆಣ್ಣಿನ ಮೈಲಕ್ಷಣ ರೂಪಿಸುವುದು ಅದರ ಹಳೆಯ ಕೆಲಸ. ಮಾರ್ಮನ್ನಿನಲ್ಲಿ ಅದಕ್ಕೆ ಹೊಸ ಕೆಲಸವೂ ಸೇರಿಕೊಂಡಿದೆ. ವೇಷಕ್ಕೊಂದು ಮಿತಿಯೂ ಇದೆ. ಅಸಲು ರೋಸ್‌ಗಳಿಗಿಂತ ನಕಲುಗಳೇ ಹೆಚ್ಚಾದರೆ ಹಕ್ಕಿಗಳು ಕೆಂಪಿಗೆ ಹೆದರುವುದನ್ನು ಬಿಟ್ಟುಬಿಡುತ್ತವೆ.

ಮೇ ತಿಂಗಳ ಮಧ್ಯಾಹ್ನ ಆಗುಂಬೆಯಿಂದ ತೀರ್ಥಹಳ್ಳಿಯವರೆಗಿನ ಕಾಡು ಜೀರುಂಡೆಗಳ ಸದ್ದಿನಿಂದ ಕಿವಿಗಡಚಿಕ್ಕುತ್ತದೆ. ಕೂಗುವುದು ಗಂಡು ಮಾತ್ರ. ಹೊಟ್ಟೆಯ ಬುಡದಲ್ಲಿ ಎರಡು ಬದಿಗೂ ಏಣುಗಳಿರುವ ಗಟ್ಟಿ ಪೊರೆಯಿದೆ. ಸ್ನಾಯು ಅದನ್ನು ಒಳಕ್ಕೆಳೆದಾಗ ಒಂದು ಸದ್ದು, ಬಿಟ್ಟಾಗ ಇನ್ನೊಂದು. ಕ್ಷಣಕ್ಕೆ ನೂರಾರು ಸಲ ಇದು ನಡೆಯುವುದರಿಂದ ನಮ್ಮ ಕಿವಿಗೆ ಎಡೆಬಿಡದ ಒಂದೇ ನಾದ. ಗಂಡಿನ ಹೊಟ್ಟೆ ಬಹುಮಟ್ಟಿಗೆ ಟೊಳ್ಳು. ಆ ಟೊಳ್ಳು ಸದ್ದನ್ನು ಹಿಗ್ಗಿಸುತ್ತದೆ. ಅಷ್ಟು ಹತ್ತಿರದ ಸದ್ದಿಗೆ ತನ್ನ ಕಿವಿಯೇ ಕೆಡದಂತೆ ಕೂಗುವಾಗ ಕಿವಿಪೊರೆಯನ್ನು ಮಡಿಚಿಕೊಳ್ಳುತ್ತದೆ. ದಟ್ಟ ಕಾಡಿನಲ್ಲಿ ಸಂಗಾತಿಯನ್ನು ಕಣ್ಣಿನಿಂದ ಹುಡುಕುವುದು ಕಷ್ಟ, ಧ್ವನಿ ಎಲೆಗಳ ಮರೆಯನ್ನೂ ದಾಟುತ್ತದೆ.

ಇರುಳಾದ ಮೇಲೆ ಅದೇ ಕೆಲಸವನ್ನು ಬೆಳಕು ಮಾಡುತ್ತದೆ. ಮೊದಲ ಮಳೆಯ ಹನಿ ಬಿದ್ದ ರಾತ್ರಿಗಳಲ್ಲಿ ಮಿಂಚುಹುಳುಗಳು ಹೊರಬರುತ್ತವೆ. ಹೊಟ್ಟೆಯ ತುದಿಯಲ್ಲಿ ಲೂಸಿಫೆರಿನ್ ಎಂಬ ವಸ್ತು ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ಕೂಡಿ ಬೆಳಕಾಗುತ್ತದೆ. ಬಿಸಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಪ್ರತಿ ಜಾತಿಗೂ ಮಿನುಗುವ ಲಯ ಬೇರೆ, ಹೆಣ್ಣು ತನ್ನ ಜಾತಿಯ ಲಯಕ್ಕೆ ಮಾತ್ರ ಉತ್ತರ ಕೊಡುತ್ತದೆ. ಅದರ ಮರಿಹುಳು ಹಸಿ ನೆಲದಲ್ಲಿ ಬಸವನಹುಳು, ಎರೆಹುಳುಗಳನ್ನು ಬೇಟೆಯಾಡಿ ಬದುಕುವುದರಿಂದ ಮಿಂಚುಹುಳುವಿನ ಬೆಳಕು ಕೊನೆಗೂ ನೆಲದ ತೇವದ ಮೇಲೇ ನಿಂತಿದೆ. ಇದೇ ಕತ್ತಲಲ್ಲಿ ಹಾರುವ ತಿಳಿಹಸಿರಿನ ಚಂದ್ರ ಪತಂಗಕ್ಕೆ ಬಾವಲಿಯ ಭಯ. ಅದರ ಹಿಂರೆಕ್ಕೆಗಳಿಗೆ ಉದ್ದನೆಯ, ತಿರುಚಿದ ಬಾಲಗಳಿವೆ. ಅಮೆರಿಕದಲ್ಲಿ ಇದೇ ಕುಲದ ಪತಂಗದ ಮೇಲೆ ನಡೆದ ಪ್ರಯೋಗದಲ್ಲಿ, ಹಾರುವಾಗ ತಿರುಗುವ ಈ ಬಾಲಗಳು ಬಾವಲಿಯ ಶಬ್ದತರಂಗಗಳನ್ನು ತಮ್ಮತ್ತ ಸೆಳೆದು ದಾಳಿಯನ್ನು ಮೈಯಿಂದ ಬಾಲಕ್ಕೆ ತಿರುಗಿಸುವುದು ಕಂಡುಬಂತು. ಬಾಲ ಕಳೆದುಕೊಂಡ ಪತಂಗ ಹಾರುತ್ತಲೇ ಇರುತ್ತದೆ. ಅದಕ್ಕೆ ಆತುರವೂ ಇದೆ: ಬೆಳೆದ ಪತಂಗಕ್ಕೆ ಉಣ್ಣುವ ಬಾಯಿಲ್ಲ, ಮರಿಯಾಗಿದ್ದಾಗ ತಿಂದದ್ದರಲ್ಲೇ ಕೆಲವು ದಿನ ಬದುಕಿ ಸಂತಾನ ಮುಗಿಸಬೇಕು.

ಕತ್ತಲನ್ನು ಕಣ್ಣಿನಿಂದಲೇ ಗೆದ್ದ ಕೀಟವೊಂದು ಇದೇ ಸಹ್ಯಾದ್ರಿಯ ಸಾಲಿನಲ್ಲಿ, ಉತ್ತರಕ್ಕೆ ಮಹಾರಾಷ್ಟ್ರದ ಭೀಮಾಶಂಕರದ ಕಾಡಿನಲ್ಲಿ ಅಧ್ಯಯನಕ್ಕೊಳಗಾಗಿದೆ. ಮರ ಕೊರೆದು ಮನೆ ಮಾಡುವ ಕಪ್ಪು ದುಂಬಿಗಳಲ್ಲಿ ಒಂದು ಜಾತಿ ಚಂದ್ರನಿಲ್ಲದ ರಾತ್ರಿಯಲ್ಲೂ ಹೂವಿಗೆ ಹೋಗುತ್ತದೆ. ನಕ್ಷತ್ರದ ಬೆಳಕಿನಲ್ಲಿ ಮನುಷ್ಯನಿಗೆ ಬಣ್ಣ ತಿಳಿಯುವುದಿಲ್ಲ. ಈ ದುಂಬಿ ಬಣ್ಣ ಗುರುತಿಸಬಲ್ಲದೆಂದು ಹೇಮಾ ಸೋಮನಾಥನ್, ರೆನೀ ಬೋರ್ಜಸ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ಹಗಲಿನ ಜೇನು, ದುಂಬಿಗಳ ಪೈಪೋಟಿಯಿಲ್ಲದ ಹೂಗಳು ಅದಕ್ಕೆ ಸಿಗುವ ಪ್ರತಿಫಲ.

ತೀರ್ಥಹಳ್ಳಿಯಲ್ಲಿ ದಾರಿ ತುಂಗೆಯನ್ನು ಸೇರಿ ಅದರ ಜೊತೆಯಲ್ಲೇ ಶಿವಮೊಗ್ಗದತ್ತ ಸಾಗುತ್ತದೆ. ಹೊಳೆಯ ದಂಡೆಯ ಅತ್ತಿಮರಗಳ ಕಾಂಡದಲ್ಲೇ ಕಾಯಿ ಗೊಂಚಲು. ಅತ್ತಿಹಣ್ಣು ಬಿಡಿಸಿದರೆ ಹುಳ ಎಂದು ಜನ ಮೂಗು ಮುರಿಯುತ್ತಾರೆ. ಆ ಹುಳವಿಲ್ಲದಿದ್ದರೆ ಅತ್ತಿಮರದ ಸಂತತಿಯೇ ಇಲ್ಲ. ಕಾಯಿಯೆಂದು ಕಾಣುವುದು ನೂರಾರು ಹೂಗಳನ್ನು ಒಳಗೆ ಮುಚ್ಚಿಟ್ಟ ಗೊಂಚಲು. ಎರಡು ಮಿಲಿಮೀಟರಿನಷ್ಟು ಉದ್ದದ ಹೆಣ್ಣು ಕಣಜ ತುದಿಯ ಇಕ್ಕಟ್ಟು ಬಾಯಿಂದ ಒಳನುಗ್ಗುತ್ತದೆ. ನುಗ್ಗುವಾಗ ರೆಕ್ಕೆಗಳು ಹರಿದುಹೋಗುತ್ತವೆ, ಹೊರಬರುವ ಮಾತಿಲ್ಲ. ತಂದ ಪರಾಗವನ್ನು ಹೂಗಳಿಗೆ ಕೊಟ್ಟು, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ವಾರಗಳ ನಂತರ ಮೊದಲು ಹೊರಬರುವುದು ರೆಕ್ಕೆಯಿಲ್ಲದ ಗಂಡುಗಳು. ಇನ್ನೂ ಹೂವಿನೊಳಗೇ ಇರುವ ಹೆಣ್ಣುಗಳೊಡನೆ ಕೂಡಿ, ಕಾಯಿಯ ಗೋಡೆಗೆ ಸುರಂಗ ಕೊರೆದು, ಅವೂ ಸಾಯುತ್ತವೆ. ಆ ಹೊತ್ತಿಗೆ ಗಂಡುಹೂಗಳು ಬಿರಿದಿರುತ್ತವೆ. ಹೆಣ್ಣುಗಳು ಪರಾಗ ಹೊತ್ತು ಸುರಂಗದಿಂದ ಹಾರಿ, ತಮಗಿರುವ ಒಂದೆರಡು ದಿನದ ಆಯುಷ್ಯದಲ್ಲಿ ಎಳೆಗಾಯಿ ಬಿಟ್ಟ ಇನ್ನೊಂದು ಅತ್ತಿಮರವನ್ನು ವಾಸನೆ ಹಿಡಿದು ಸೇರಬೇಕು.

ಈ ಒಪ್ಪಂದಕ್ಕೂ ಕಳ್ಳರಿದ್ದಾರೆ. ಪರಾಗಸ್ಪರ್ಶದ ಕೆಲಸ ಮಾಡದೆ, ಹೊರಗಿನಿಂದಲೇ ಕಾಯಿಯ ಗೋಡೆ ಚುಚ್ಚಿ ಒಳಗಿನ ಹುಳುಗಳ ಮೇಲೆ ಮೊಟ್ಟೆಯಿಡುವ ಕಣಜಗಳವು. ಕೂದಲಿಗಿಂತ ತೆಳುವಾದ ಸೂಜಿಯಿಂದ ಗಟ್ಟಿ ಕಾಯಿಯನ್ನು ಮತ್ತೆ ಮತ್ತೆ ಕೊರೆದರೂ ತುದಿ ಮೊಂಡಾಗದಿರುವ ಗುಟ್ಟನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2014ರಲ್ಲಿ ಪ್ರಕಟಿಸಿದರು: ಸೂಜಿಯ ತುದಿಯಲ್ಲಿ ಸತು ಸೇರಿಕೊಂಡು ಅದನ್ನು ಗಡಸುಗೊಳಿಸಿದೆ, ತುದಿಗೆ ಹಲ್ಲುಗಳೂ ಇವೆ.

ತರೀಕೆರೆ ದಾಟಿದ ಮೇಲೆ ಅಡಿಕೆ ತೋಟ, ತೇವದ ಕಾಡುಗಳು ಹಿಂದೆ ಉಳಿದು ಬಯಲು ತೆರೆದುಕೊಳ್ಳುತ್ತದೆ. ಬೀರೂರು, ಕಡೂರುಗಳ ಸುತ್ತ ಅಮೃತಮಹಲ್ ರಾಸುಗಳ ಕಾವಲುಗಳು. ಹುಲ್ಲುಗಾವಲಿದ್ದಲ್ಲಿ ದನ, ದನವಿದ್ದಲ್ಲಿ ಸಗಣಿ ಹುಳು. ಬಿಸಿಲಿನ ನಾಡಿನಲ್ಲಿ ಸಗಣಿ ಬೇಗ ಒಣಗುತ್ತದೆ, ಸ್ಪರ್ಧಿಗಳೂ ಬಹಳ. ಆದ್ದರಿಂದ ಇಲ್ಲಿ ವೇಗವೇ ಬದುಕು. ಕೆಲವು ಜಾತಿಗಳು ಸಗಣಿಯ ಕೆಳಗೇ ಬಿಲ ತೋಡಿ ಒಳಗೆಳೆದುಕೊಳ್ಳುತ್ತವೆ. ಇನ್ನು ಕೆಲವು ಉಂಡೆ ಕಟ್ಟಿ, ತಲೆ ಕೆಳಗೆ ಮಾಡಿ, ಹಿಂಗಾಲಿನಿಂದ ಹಿಮ್ಮುಖವಾಗಿ ಉರುಳಿಸುತ್ತವೆ. ಕದಿಯಲು ಬರುವ ಜಾತಿಬಾಂಧವರಿಂದ ಪಾರಾಗಲು ನೇರ ಗೆರೆಯಲ್ಲಿ ದೂರ ಹೋಗಬೇಕು. ಅದಕ್ಕೆ ಸೂರ್ಯ, ಚಂದ್ರ, ಆಕಾಶದ ಬೆಳಕಿನ ಧ್ರುವೀಕರಣ ದಿಕ್ಸೂಚಿ. ದಕ್ಷಿಣ ಆಫ್ರಿಕದ ಒಂದು ಜಾತಿ ಆಕಾಶಗಂಗೆಯ ಪಟ್ಟಿಯನ್ನೇ ನೋಡಿ ದಿಕ್ಕು ಹಿಡಿಯುವುದನ್ನು ಮರೀ ಡಾಕೆ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ಹೂತ ಉಂಡೆಯಲ್ಲಿ ಮೊಟ್ಟೆಯೊಡೆದ ಮರಿಗೆ ಅದೇ ಅನ್ನ; ಉಳಿದದ್ದು ಕಾವಲಿನ ಮಣ್ಣಿಗೆ ಗೊಬ್ಬರ.

ಕಡೂರಿನಿಂದ ತುಮಕೂರಿನವರೆಗಿನ ಕೆಮ್ಮಣ್ಣಿನ ನೆಲದಲ್ಲಿ ಎದ್ದು ಕಾಣುವ ಕಟ್ಟಡವೆಂದರೆ ಹುತ್ತ. ಗೆದ್ದಲಿನ ಚರ್ಮ ಮೆತ್ತಗೆ, ಒಣಗಾಳಿ ತಾಗಿದರೆ ಬದುಕುವುದಿಲ್ಲ. ಹಾಗಿದ್ದೂ ಅದು ಒಣನಾಡನ್ನು ಆಳುತ್ತಿರುವುದು ಹುತ್ತದ ಬಲದಿಂದ. ಎಂಜಲಿನಲ್ಲಿ ಕಲಸಿದ ಮಣ್ಣಿನ ಉಂಡೆಗಳಿಂದ ಕಟ್ಟಿದ ಗೋಡೆಯ ಒಳಗೆ ಗೆದ್ದಲು ಬೇಸಾಯ ಮಾಡುತ್ತದೆ. ಒಣಹುಲ್ಲು, ಕಟ್ಟಿಗೆಯನ್ನು ಅದು ತಾನೇ ಪೂರ್ತಿ ಜೀರ್ಣಿಸಿಕೊಳ್ಳಲಾರದು. ಅಗಿದು ಕಟ್ಟಿದ ಹಾಸಿನ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರ ಬೆಳೆಸಿ, ಅದು ಹದಮಾಡಿದ್ದನ್ನು ತಿನ್ನುತ್ತದೆ. ಮಳೆ ಬಿದ್ದಾಗ ಹುತ್ತದಿಂದ ಮೇಲೇಳುವ ಅಣಬೆ ಈ ಬೇಸಾಯದ ಫಲ, ಅದೇ ಹೊತ್ತಿಗೆ ಗುಂಪುಗುಂಪಾಗಿ ಏಳುವ ರೆಕ್ಕೆಹುಳುಗಳು ಹೊಸ ಹುತ್ತ ಕಟ್ಟಲು ಹೊರಟ ರಾಜ-ರಾಣಿಯರು.

ಲಕ್ಷಾಂತರ ಗೆದ್ದಲುಗಳ ಮತ್ತು ಶಿಲೀಂಧ್ರದ ಉಸಿರಿನಿಂದ ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಈ ಹುತ್ತಕ್ಕೆ ಹೊರಗೆ ತೆರೆದ ಕಿಂಡಿಗಳಿಲ್ಲ. ಗಾಳಿಯಾಡುವ ಬಗೆಯನ್ನು ಬೆಂಗಳೂರಿನ ಹುತ್ತಗಳಲ್ಲಿ ಅಳೆದು ಎಲ್. ಮಹಾದೇವನ್ ಮತ್ತು ಸಂಗಡಿಗರು 2015ರಲ್ಲಿ ವರದಿ ಮಾಡಿದರು. ಹಗಲು ಹುತ್ತದ ಹೊರಮೈಯ ತೆಳುವಾದ ಏಣುಗಳು ನಡುವಿನ ಭಾಗಕ್ಕಿಂತ ಬೇಗ ಕಾಯುತ್ತವೆ. ಅಲ್ಲಿನ ಗಾಳಿ ಮೇಲೇರಿ ನಡುವಿನಲ್ಲಿ ಕೆಳಗಿಳಿಯುತ್ತದೆ. ಇರುಳು ಏಣುಗಳು ಬೇಗ ತಣಿದು ಸುತ್ತು ತಿರುವುಮುರುವಾಗುತ್ತದೆ. ಆಗ ಹಗಲೆಲ್ಲ ಕೂಡಿದ ಕೆಟ್ಟ ಗಾಳಿ ರಂಧ್ರಮಯ ಗೋಡೆಯ ಮೂಲಕ ಹೊರಹೋಗುತ್ತದೆ. ಹಗಲಿನ ಬಿಸಿ, ಇರುಳಿನ ತಂಪು ಎಂಬ ಬಯಲುಸೀಮೆಯ ಏರಿಳಿತವೇ ಇಲ್ಲಿ ಗಾಳಿಯಂತ್ರವನ್ನು ನಡೆಸುವ ಶಕ್ತಿ.

ಒಣ ಧೂಳು ಕೂಡ ಒಂದು ಕೀಟಕ್ಕೆ ಸಾಧನ. ಗುಡಿಯ ಜಗಲಿಯ ಮಗ್ಗುಲಲ್ಲಿ, ಮಳೆ ತಾಗದ ಬಂಡೆಯ ಅಡಿಯಲ್ಲಿ ಕಾಣುವ ಆಲಿಕೆಯಾಕಾರದ ಕುಳಿಗಳು ಇರುವೆ ಸಿಂಹದ ಮರಿಹುಳುವಿನವು. ಸಡಿಲ ಮಣ್ಣು ಜಾರದೆ ನಿಲ್ಲಬಲ್ಲ ಗರಿಷ್ಠ ಇಳಿಜಾರಿಗೆ ಅದು ಕುಳಿ ತೋಡಿ ತಳದಲ್ಲಿ ಹೂತು ಕಾಯುತ್ತದೆ. ಇರುವೆ ಕಾಲಿಟ್ಟೊಡನೆ ಗೋಡೆ ಕುಸಿಯುತ್ತದೆ, ಮೇಲೇರಲು ಹವಣಿಸಿದರೆ ಮರಿಹುಳು ಮಣ್ಣು ಎರಚುತ್ತದೆ. ಬೇಟೆ ಯಾವಾಗ ಬೀಳುವುದೋ ಗೊತ್ತಿಲ್ಲದ ಬದುಕಾದ್ದರಿಂದ ಬಹುದಿನ ಉಪವಾಸ ಇರಬಲ್ಲದು. ಅದರ ಕರುಳಿಗೆ ಹಿಂದೆ ದಾರಿಯಿಲ್ಲ. ಮರಿಯಾಗಿದ್ದಷ್ಟು ಕಾಲವೂ ಕೂಡಿದ ಕಸವನ್ನು ರೆಕ್ಕೆ ಬಂದ ಮೇಲೆಯೇ ಹೊರಹಾಕುತ್ತದೆ.

ತುಮಕೂರಿನಿಂದ ಪೂರ್ವಕ್ಕೆ, ಚಿಕ್ಕಬಳ್ಳಾಪುರದ ಕಡೆಯ ಕುರುಚಲಿನಲ್ಲಿ ಸಂಜೆ ಕೇಳುವ ಇಂಪಾದ ದನಿ ಮರಮಿಡತೆಗಳದು, ಹಸಿರು ಮೈಯ ಸಣ್ಣ ಚಿಮ್ಮಂಡೆಗಳು. ಗಂಡು ರೆಕ್ಕೆಗಳನ್ನು ಉಜ್ಜಿ ಕೂಗುತ್ತದೆ, ಹೆಣ್ಣು ಗಟ್ಟಿದನಿಯತ್ತ ಹೋಗುತ್ತದೆ. ತೊಂದರೆಯೆಂದರೆ ದನಿಯ ತರಂಗದ ಉದ್ದ ಸುಮಾರು 11 ಸೆಂಟಿಮೀಟರು, ರೆಕ್ಕೆ ಅದರ ಹತ್ತರಲ್ಲೊಂದು ಪಾಲು. ರೆಕ್ಕೆಯ ಮುಂದೆ ಒತ್ತಿದ ಗಾಳಿ ಅಂಚನ್ನು ಬಳಸಿ ಹಿಂದಕ್ಕೆ ಹರಿದು ದನಿ ಬಹುಪಾಲು ಅಲ್ಲೇ ಕಳೆದುಹೋಗುತ್ತದೆ. ಕೆಲವು ಗಂಡುಗಳು ಇದಕ್ಕೆ ಪರಿಹಾರ ಕಂಡುಕೊಂಡಿವೆ. ದೊಡ್ಡ ಎಲೆಯನ್ನು ಆರಿಸಿ, ನಡುವೆ ತಮ್ಮ ರೆಕ್ಕೆಯ ಅಳತೆಯ ತೂತು ಕಡಿದು, ಅದರಲ್ಲಿ ತೂರಿ ನಿಂತು ಕೂಗುತ್ತವೆ. ಎಲೆ ಅಡ್ಡವಾಗಿ ಗಾಳಿಯ ಹಿಂಹರಿವು ತಪ್ಪುವುದರಿಂದ ದನಿ ಜೋರಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಅವರ ತಂಡ ಹೀಗೆ ಮಾಡುವವು ಬಹುಮಟ್ಟಿಗೆ ಮೈ ಸಣ್ಣದಾದ, ಹುಟ್ಟಿನಿಂದ ದನಿ ಮೆಲ್ಲಗಿರುವ ಗಂಡುಗಳೆಂದು ಕಂಡುಕೊಂಡಿತು. ಅವು ತೂತು ಕಡಿಯುವ ಗಿಡಗಳಲ್ಲಿ ಅಮೆರಿಕ ಖಂಡದಿಂದ ಬಂದು ಹಬ್ಬಿದ, ತುಳಸಿಯ ಕುಟುಂಬದ ಒಂದು ಕಳೆಯೂ ಸೇರಿದೆ. ನೆಲಕ್ಕೆ ಹೊಸದಾಗಿ ಬಂದದ್ದನ್ನೂ ಹಳೆಯ ಉಪಾಯ ತನ್ನದಾಗಿಸಿಕೊಂಡಿದೆ.

ಬೆಂಗಳೂರಿನ ಸೂರುಗಳಡಿಯಲ್ಲಿ ಕಾಗದದಂಥ ಗೂಡು ಕಟ್ಟುವ ರೊಪಾಲಿಡಿಯಾ ಮಾರ್ಜಿನೇಟಾ ಕಣಜವನ್ನು ರಾಘವೇಂದ್ರ ಗದಗ್‌ಕರ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಚಳಿದೇಶದ ಕಣಜಗಳ ಸಂಸಾರ ಚಳಿಗಾಲಕ್ಕೆ ಮುರಿದುಬಿದ್ದು ವಸಂತದಲ್ಲಿ ಹೊಸದಾಗಿ ಆರಂಭವಾಗಬೇಕು. ಇಲ್ಲಿ ಅಂಥ ಚಳಿಯಿಲ್ಲ. ಗೂಡು ವರ್ಷದ ಯಾವ ತಿಂಗಳಲ್ಲಾದರೂ ಶುರುವಾಗಿ ಮುಂದುವರಿಯಬಲ್ಲದು, ರಾಣಿಗಳು ಬದಲಾಗುತ್ತಾರೆ. ರಾಣಿ ಜಗಳಗಂಟಿಯಲ್ಲ, ಗುಂಪಿನಲ್ಲೇ ಸೌಮ್ಯ ಸ್ವಭಾವದವಳು. ಅವಳನ್ನು ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಕೆಲಸಗಾರರಲ್ಲಿ ಒಬ್ಬಳು ಉಗ್ರಳಾಗಿ ಎಲ್ಲರ ಮೇಲೆ ಎರಗುತ್ತಾಳೆ. ಮೊಟ್ಟೆಯಿಡಲು ತೊಡಗಿದಂತೆ ಅವಳೂ ಸೌಮ್ಯಳಾಗುತ್ತಾಳೆ. ನಗರದ ಎತ್ತರದ ಕಟ್ಟಡ, ನೀರಿನ ಟ್ಯಾಂಕುಗಳಿಗೆ ಜೋತುಬೀಳುವ ಹೆಜ್ಜೇನಿನ ತಟ್ಟಿಗೆ ಗೋಡೆಯೂ ಇಲ್ಲ, ಸೂರೂ ಇಲ್ಲ. ಜೇನುಗಳೇ ಪದರ ಪದರವಾಗಿ ಅದನ್ನು ಮುಚ್ಚುತ್ತವೆ. ಕಡಜ ಹತ್ತಿರ ಬಂದರೆ ಅವು ಒಂದರ ಹಿಂದೊಂದು ಹೊಟ್ಟೆ ಎತ್ತಿ ಇಳಿಸುತ್ತವೆ. ಕ್ಷಣಾರ್ಧದಲ್ಲಿ ತಟ್ಟಿಯ ಮೇಲೆ ಅಲೆ ಹರಿದು, ಕಡಜ ಹಿಮ್ಮೆಟ್ಟುತ್ತದೆ. ಹೂ ಮುಗಿದಾಗ ತಟ್ಟಿ ಬಿಟ್ಟು ಇಡೀ ಕುಟುಂಬ ಬೇರೆ ಸೀಮೆಗೆ ವಲಸೆ ಹೋಗುತ್ತದೆ.

ಈ ದಾರಿಯನ್ನು ಪೂರ್ತಿ ಬಲ್ಲ ಕೀಟಗಳೂ ಇವೆ. ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕಾಮನ್ ಕ್ರೋ ಮೊದಲಾದ ಚಿಟ್ಟೆಗಳು ಏಪ್ರಿಲ್‌ನಿಂದ ಜೂನ್‌ವರೆಗೆ, ಘಟ್ಟದಲ್ಲಿ ಮುಂಗಾರು ಬಿರುಸಾಗುವ ಮುನ್ನ, ಸಾವಿರಗಟ್ಟಲೆ ಪೂರ್ವದ ಬಯಲಿನತ್ತ ಹಾರುತ್ತವೆ. ಎಡೆಬಿಡದ ಮಳೆಯಲ್ಲಿ ಚಿಟ್ಟೆಗೆ ಮೈ ಕಾಯಿಸಲು ಬಿಸಿಲಿಲ್ಲ, ಹಾರಾಟವಿಲ್ಲ. ವಲಸೆ ಹೊರಟವು ಬಹುಪಾಲು ಆಗಷ್ಟೇ ಹುಟ್ಟಿದವು, ಸಂತಾನದ ಕೆಲಸವನ್ನು ಮುಂದಕ್ಕೆ ಹಾಕಿ ಶಕ್ತಿಯನ್ನೆಲ್ಲ ಹಾರಾಟಕ್ಕಿಡುತ್ತವೆ. ಮಳೆ ತಗ್ಗಿದ ಮೇಲೆ, ಅಕ್ಟೋಬರ್-ನವೆಂಬರ್ ಸುಮಾರಿಗೆ ಅವುಗಳ ಮುಂದಿನ ಪೀಳಿಗೆ ಘಟ್ಟಕ್ಕೆ ಮರಳುತ್ತದೆ. ದಾರಿಯಲ್ಲಿ ಚೇಳುಕೊಂಡಿಯಂಥ ಬಯಲಿನ ಗಿಡಗಳ ಮೇಲೆ ಗಂಡುಚಿಟ್ಟೆಗಳು ಮುತ್ತುವುದು ಮಕರಂದಕ್ಕಷ್ಟೇ ಅಲ್ಲ. ಅವುಗಳಲ್ಲಿನ ಕ್ಷಾರವಸ್ತುಗಳನ್ನು ಹೀರಿ ಗಂಡು ಹೆಣ್ಣನ್ನು ಸೆಳೆಯುವ ಗಂಧವನ್ನು ತಯಾರಿಸುತ್ತದೆ, ಅದೇ ವಸ್ತು ಮೈಗೆ ವಿಷವೂ ಆಗುತ್ತದೆ.

ಚಿಟ್ಟೆಗಳು ಪೂರ್ವಕ್ಕೆ ಹೊರಟ ಹೊತ್ತಿನಲ್ಲೇ ಪಶ್ಚಿಮದಿಂದ ಕಡಲು ದಾಟಿ ಏರೋಪ್ಲೇನ್ ಚಿಟ್ಟೆಯೊಂದು ಬರುತ್ತದೆ. ಪಂಟಾಲ ಫ್ಲೇವೆಸೆನ್ಸ್ ಎಂಬ ಈ ಹೊಂಬಣ್ಣದ ಕೊಡತಿಕೀಟ ಮಳೆಯ ಹೊಸನೀರಿನ ಗುಂಡಿಯಲ್ಲಿ ಮೊಟ್ಟೆಯಿಡುತ್ತದೆ. ಹೊಸ ಗುಂಡಿಯಲ್ಲಿ ಮೀನಿಲ್ಲ, ಆದರೆ ನೀರು ಬೇಗ ಬತ್ತುತ್ತದೆ. ಅದಕ್ಕೆ ತಕ್ಕಂತೆ ಮರಿ ಆರೇಳು ವಾರಗಳಲ್ಲೇ ಬೆಳೆದು ಹಾರಬಲ್ಲದು. ಹಿಂಗಾರಿನ ಹೊತ್ತಿಗೆ ಹೊಸ ಪೀಳಿಗೆ ಭಾರತ ಬಿಟ್ಟು ಮಾಲ್ಡೀವ್ಸ್ ಮೇಲೆ ಹಾದು ಪೂರ್ವ ಆಫ್ರಿಕ ಸೇರುತ್ತದೆಂಬ ವಾದವನ್ನು ಚಾರ್ಲ್ಸ್ ಆಂಡರ್ಸನ್ 2009ರಲ್ಲಿ ಮಂಡಿಸಿದರು. ಮೊಟ್ಟೆಯಿಡಲು ಸಿಹಿನೀರೇ ಇಲ್ಲದಂಥ ದ್ವೀಪಗಳಲ್ಲಿ ಪ್ರತಿ ಅಕ್ಟೋಬರ್‌ನಿಂದ ಲಕ್ಷಾಂತರ ಕೊಡತಿಕೀಟಗಳು ಕಾಣಿಸಿಕೊಳ್ಳುವುದೇ ಅವರ ಆಧಾರ. ಮುಂದಿನ ವರ್ಷ ನೈಋತ್ಯ ಮುಂಗಾರಿನ ಗಾಳಿ ಮರುಪಯಣಕ್ಕೆ ನೆರವಾಗುತ್ತದೆ. ಹೋಗಿಬರುವ ದೂರ 14,000ದಿಂದ 18,000 ಕಿಲೋಮೀಟರೆಂಬ ಅಂದಾಜಿದೆ; ಒಂದೇ ಕೀಟ ಅದನ್ನು ಮುಗಿಸುವುದಿಲ್ಲ, ನಾಲ್ಕು ಪೀಳಿಗೆಗಳು ಹಂಚಿಕೊಳ್ಳುತ್ತವೆ. ಅಗಲವಾದ ಹಿಂರೆಕ್ಕೆ ಹೆಚ್ಚು ಬಡಿಯದೆ ಗಾಳಿಯಲ್ಲಿ ತೇಲಲು ಅನುಕೂಲ ಮಾಡಿಕೊಡುತ್ತದೆ.

ಸೋಮೇಶ್ವರದ ಎಲೆಗೂಡಿನಿಂದ ಕಡೂರಿನ ಹುತ್ತದವರೆಗೆ ಕೀಟಗಳ ಉಪಾಯಗಳಲ್ಲಿ ಯಾವುದೂ ಒಂಟಿಯಾಗಿ ನಿಂತಿಲ್ಲ. ಬರ್ಡ್‌ವಿಂಗಿಗೆ ಈಶ್ವರಿ ಬಳ್ಳಿಯ ಬಳಗ, ಮಾರ್ಮನ್ನಿಗೆ ರೋಸ್‌ಗಳು, ಕಣಜಕ್ಕೆ ಅತ್ತಿ, ಮಿಂಚುಹುಳುವಿಗೆ ಬಸವನಹುಳು, ಗೆದ್ದಲಿಗೆ ಶಿಲೀಂಧ್ರ ಇರಲೇಬೇಕು. ಜೊತೆಗಾರ ಹೋದರೆ ಉಪಾಯವೂ ವ್ಯರ್ಥ. ವಲಸೆಯ ಚಿಟ್ಟೆಗಳು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತವೆ. ಅವುಗಳ ವರ್ಷದ ಅರ್ಧ ಘಟ್ಟದ ಕಾಡಿನಲ್ಲಿ ಕಳೆದರೆ ಉಳಿದರ್ಧ ಬಯಲಿನ ಕುರುಚಲಿನಲ್ಲಿ ಕಳೆಯುತ್ತದೆ. ಕಾಡಿನ ಅರ್ಧಕ್ಕೆ ಅಭಯಾರಣ್ಯಗಳ ಬೇಲಿಯಿದೆ. ಕಾವಲು, ಕುರುಚಲು, ಮಳೆನೀರಿನ ಗುಂಡಿಗಳಿರುವ ಇನ್ನೊಂದು ಅರ್ಧ ಸಾಮಾನ್ಯವಾಗಿ ಕಂದಾಯದ ಲೆಕ್ಕದಲ್ಲಿ ಬಂಜರು ಅಥವಾ ಖರಾಬು. ಕೀಟಗಳ ಲೆಕ್ಕದಲ್ಲಿ ಎರಡೂ ಒಂದೇ ನೆಲ. ಒಂದನ್ನು ಉಳಿಸಿ ಇನ್ನೊಂದನ್ನು ಕಳೆದರೆ ಈ ದಾರಿಯ ಪಯಣಿಗರಿಗೆ ಉಳಿಯುವುದು ಅರ್ಧ ಬದುಕಲ್ಲ, ಏನೂ ಇಲ್ಲ.